ದೂರದ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಪತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಹ್ಯಗ್ರಹ ಎಂದರೇನು? ಈವರೆಗೆ ಎಷ್ಟು ಸಿಕ್ಕಿವೆ?

ನಮ್ಮ ಸೂರ್ಯನನ್ನಲ್ಲದೆ ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹವನ್ನು ಬಾಹ್ಯಗ್ರಹ ಎನ್ನುತ್ತಾರೆ. ಎಕ್ಸೋಪ್ಲಾನೆಟ್ ಎಂಬ ಹೆಸರೂ ಪತ್ರಿಕೆಗಳಲ್ಲಿ ಅಷ್ಟೇ ಬಳಕೆಯಲ್ಲಿದೆ. ದೃಢಪಟ್ಟ ಬಾಹ್ಯಗ್ರಹಗಳ ಸಂಖ್ಯೆ 2025ರ ಸೆಪ್ಟೆಂಬರಿನಲ್ಲಿ 6,000 ದಾಟಿತು. ಇವುಗಳಲ್ಲಿ ಚಿತ್ರದಲ್ಲಿ ಚುಕ್ಕೆಯಾಗಿಯಾದರೂ ಕಂಡವು ತೀರಾ ಸ್ವಲ್ಪ. ಮಿಕ್ಕವೆಲ್ಲವೂ ತಮ್ಮ ನಕ್ಷತ್ರದ ಬೆಳಕಿನಲ್ಲಿ ಆದ ಸಣ್ಣ ಬದಲಾವಣೆಯನ್ನು ಅಳೆದು, ಆ ಬದಲಾವಣೆಗೆ ಬೇರೆ ಯಾವ ಕಾರಣವೂ ಹೊಂದುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಒಪ್ಪಿಕೊಂಡ ಗ್ರಹಗಳು. ಆದ್ದರಿಂದ ಗ್ರಹವನ್ನು ಹುಡುಕುವ ಕೆಲಸದ ಬಹುಪಾಲು, ನಿಜವಾಗಿ ನೋಡಿದರೆ, ನಕ್ಷತ್ರವನ್ನು ಚೆನ್ನಾಗಿ ಅರಿಯುವ ಕೆಲಸವೇ ಆಗಿದೆ. ಮುಂದಿನ ಉತ್ತರಗಳನ್ನು ಓದುವಾಗ ಈ ಮಾತನ್ನು ನೆನಪಿಟ್ಟುಕೊಂಡರೆ ಅನುಕೂಲ.

ದೊಡ್ಡ ದೂರದರ್ಶಕವನ್ನು ಆ ಕಡೆ ತಿರುಗಿಸಿ ಗ್ರಹವನ್ನು ನೇರವಾಗಿ ನೋಡಲು ಏಕೆ ಆಗುವುದಿಲ್ಲ?

ಇಲ್ಲಿ ಎರಡು ತೊಡಕುಗಳಿವೆ, ಅವೆರಡೂ ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮ್ಮ ಸೌರವ್ಯೂಹವನ್ನು ಯಾರಾದರೂ ಹೊರಗಿನಿಂದ ನೋಡಿದರೆ, ಗುರು ಗ್ರಹವು ಪ್ರತಿಫಲಿಸುವ ಬೆಳಕು ಸೂರ್ಯನ ಬೆಳಕಿನ ನೂರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಭೂಮಿಯದು ಸಾವಿರ ಕೋಟಿಯಲ್ಲಿ ಒಂದು ಪಾಲು. ಅದರ ಜೊತೆಗೆ, ಅಷ್ಟು ಮಸುಕಾದ ಚುಕ್ಕೆ ಅಷ್ಟು ಪ್ರಖರವಾದ ನಕ್ಷತ್ರಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಸುಮಾರು 33 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಸೂರ್ಯನಿಗೂ ಭೂಮಿಗೂ ನಡುವಿನ ಅಂತರವು, ಹುಣ್ಣಿಮೆಯ ಚಂದ್ರನ ಅಗಲವನ್ನು ಹದಿನೆಂಟು ಸಾವಿರ ಭಾಗ ಮಾಡಿದಾಗ ಸಿಗುವ ಒಂದು ಭಾಗದಷ್ಟು ಮಾತ್ರ. ವಾತಾವರಣದ ಕದಲಿಕೆಯಿಂದ ಹರಡಿಕೊಳ್ಳುವ ನಕ್ಷತ್ರದ ಬಿಂಬವೇ ಇದಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿರುವುದರಿಂದ ಗ್ರಹವು ಅದರೊಳಗೆ ಮುಳುಗಿಹೋಗುತ್ತದೆ.

ಕಾಣದ ಗ್ರಹ ಅಲ್ಲಿದೆಯೆಂದು ಹಾಗಾದರೆ ಹೇಗೆ ಗೊತ್ತಾಗುತ್ತದೆ?

ಗ್ರಹವು ನಕ್ಷತ್ರವನ್ನು ಸುತ್ತುತ್ತದೆ ಎಂಬುದು ಅರ್ಧ ಸತ್ಯ. ಎರಡೂ ಸೇರಿ ತಮ್ಮಿಬ್ಬರಿಗೂ ಸೇರಿದ ಒಂದೇ ದ್ರವ್ಯರಾಶಿ ಕೇಂದ್ರವನ್ನು ಸುತ್ತುತ್ತವೆ. ದೊಡ್ಡವರೊಬ್ಬರು ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ಸುತ್ತಿಸುವಾಗ ಮಗು ದೊಡ್ಡ ವೃತ್ತದಲ್ಲಿ ತಿರುಗಿದರೆ, ಸುತ್ತಿಸುವವರ ಪಾದಗಳೂ ನೆಲದ ಮೇಲೆ ಒಂದು ಪುಟ್ಟ ವೃತ್ತವನ್ನು ಬರೆಯುತ್ತವೆ. ನಕ್ಷತ್ರದ್ದು ಆ ಪುಟ್ಟ ವೃತ್ತ. ಅದು ನಮ್ಮ ಕಡೆಗೆ ಬರುವಾಗ ಅದರ ಬೆಳಕಿನ ಅಲೆಗಳು ತುಸು ಒತ್ತಾಗಿ ನೀಲಿಯ ಕಡೆಗೂ, ದೂರ ಸರಿಯುವಾಗ ತುಸು ಹಿಗ್ಗಿ ಕೆಂಪಿನ ಕಡೆಗೂ ಜರುಗುತ್ತವೆ. ಇದು ಡಾಪ್ಲರ್ ಪರಿಣಾಮ. ನಕ್ಷತ್ರದ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಗಳ ಪಟ್ಟಿಯಾಗಿ, ಬಿಡಿಸಿದಾಗ ಕಬ್ಬಿಣ, ಕ್ಯಾಲ್ಸಿಯಂ ಮುಂತಾದ ಧಾತುಗಳು ಹೀರಿಕೊಂಡ ಕಡೆಗಳಲ್ಲಿ ಸಾವಿರಾರು ಕಪ್ಪು ಗೆರೆಗಳು ಕಾಣುತ್ತವೆ. ಆ ಗೆರೆಗಳೆಲ್ಲ ಒಂದೇ ಲಯದಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದ್ದರೆ ನಕ್ಷತ್ರವನ್ನು ಏನೋ ಎಳೆದಾಡುತ್ತಿದೆ ಎಂದು ತಿಳಿಯುತ್ತದೆ. ಲಯದ ಅವಧಿಯೇ ಗ್ರಹದ ವರ್ಷ; ಎಳೆತದ ಬಲದಿಂದ ಗ್ರಹದ ದ್ರವ್ಯರಾಶಿಯ ಅಂದಾಜು ದೊರೆಯುತ್ತದೆ. ಕಕ್ಷೆ ನಮ್ಮ ದೃಷ್ಟಿರೇಖೆಗೆ ಎಷ್ಟು ಓರೆಯಾಗಿದೆಯೆಂದು ಈ ವಿಧಾನ ಹೇಳಲಾರದ ಕಾರಣ, ಸಿಗುವುದು ‘ಕನಿಷ್ಠ ಇಷ್ಟು’ ಎಂಬ ಉತ್ತರ ಮಾತ್ರ.

ಮಾತಿನಲ್ಲಿ ಇದು ಸುಲಭ. ಅಳತೆಗೆ ಇಳಿದಾಗ ಗೊತ್ತಾಗುವ ಕಷ್ಟವೇ ಬೇರೆ. ಗುರು ಗ್ರಹವು ಸೂರ್ಯನನ್ನು ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ ಅಲುಗಿಸುತ್ತದೆ, ಭೂಮಿ ಕೇವಲ 9 ಸೆಂಟಿಮೀಟರ್. ಚಿಲಿ ದೇಶದ ಲಾ ಸಿಯಾ ವೀಕ್ಷಣಾಲಯದಲ್ಲಿ 3.6 ಮೀಟರ್ ದೂರದರ್ಶಕಕ್ಕೆ ಜೋಡಿಸಿರುವ ಹಾರ್ಪ್ಸ್ ಎಂಬ ರೋಹಿತಮಾಪಕವು 2003ರಿಂದ ಸೆಕೆಂಡಿಗೆ 1 ಮೀಟರ್‌ನಷ್ಟು ವೇಗವನ್ನು ಗುರುತಿಸುತ್ತಿದೆ. ಆ 1 ಮೀಟರ್ ವೇಗಕ್ಕೆ ಕ್ಯಾಮೆರಾದ ಚಿಪ್‌ನ ಮೇಲೆ ಗೆರೆ ಸರಿಯುವುದು ಒಂದು ಪಿಕ್ಸೆಲ್‌ನ ಸಾವಿರದ ಒಂದು ಭಾಗ, ಅಂದರೆ ಸುಮಾರು 15 ನ್ಯಾನೊಮೀಟರ್. ಕೋಣೆಯ ಉಷ್ಣತೆಯೋ ಗಾಳಿಯ ಒತ್ತಡವೋ ಒಂದಿಷ್ಟು ಏರುಪೇರಾದರೂ ಉಪಕರಣವೇ ಅದಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗುವುದರಿಂದ, ಹಾರ್ಪ್ಸ್ ಅನ್ನು ನಿರ್ವಾತ ತೊಟ್ಟಿಯೊಳಗೆ ಮುಚ್ಚಿ, ಅದರ ಉಷ್ಣತೆ ಒಂದು ಡಿಗ್ರಿಯ ನೂರರ ಒಂದು ಭಾಗದಷ್ಟೂ ಬದಲಾಗದಂತೆ ಕಾಯ್ದುಕೊಳ್ಳುತ್ತಾರೆ. ನಕ್ಷತ್ರದ ರೋಹಿತದ ಪಕ್ಕದಲ್ಲೇ ಥೋರಿಯಂ ದೀಪದ ಗೆರೆಗಳನ್ನು ದಾಖಲಿಸಿ ಅವನ್ನು ಅಳತೆಗೋಲಾಗಿ ಬಳಸುತ್ತಾರೆ. ಇಷ್ಟಾದ ಮೇಲೆ ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದನ್ನೂ, ತನ್ನ ಅಕ್ಷದ ಮೇಲೆ ತಿರುಗುತ್ತಿರುವುದನ್ನೂ ಲೆಕ್ಕದಿಂದ ಕಳೆಯಬೇಕು. ಈ ತಾಳ್ಮೆಯ ಕೆಲಸವನ್ನು ಅರಿತವರಿಗೆ, ಒಂದೊಂದು ಗ್ರಹದ ಘೋಷಣೆಯ ಹಿಂದೆಯೂ ಎಷ್ಟು ಶ್ರಮವಿದೆ ಎಂಬುದು ಮನಸ್ಸಿಗೆ ತಟ್ಟದೇ ಇರದು.

ಮೊದಲ ಬಾಹ್ಯಗ್ರಹ ಯಾವುದು? ಕೆಲವರು 1992 ಎನ್ನುತ್ತಾರೆ, ಕೆಲವರು 1995 ಎನ್ನುತ್ತಾರೆ.

ಎರಡೂ ಸರಿ. ಅಲೆಕ್ಸಾಂಡರ್ ವೊಲ್ಶ್ಚಾನ್ ಮತ್ತು ಡೇಲ್ ಫ್ರೇಲ್ 1992ರಲ್ಲಿ ಅರೆಸಿಬೊ ರೇಡಿಯೋ ದೂರದರ್ಶಕದ ದತ್ತಾಂಶದಿಂದ ಒಂದು ಪಲ್ಸಾರಿನ ಸುತ್ತ ಎರಡು ಗ್ರಹಗಳನ್ನು ಗುರುತಿಸಿದರು. ಪಲ್ಸಾರ್ ಎಂದರೆ ಸ್ಫೋಟಗೊಂಡ ನಕ್ಷತ್ರದ ಉಳಿಕೆ. ಇದು ಪ್ರತಿ 6.2 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ರೇಡಿಯೋ ಸ್ಪಂದನವನ್ನು ಕಳುಹಿಸುತ್ತದೆ. ಆ ಸ್ಪಂದನಗಳು ಲಯಬದ್ಧವಾಗಿ ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುತ್ತಿದ್ದುದೇ ಗ್ರಹಗಳ ಸುಳಿವಾಯಿತು.

ಸೂರ್ಯನಂಥ ನಕ್ಷತ್ರದ ಸುತ್ತ ಸಿಕ್ಕ ಮೊದಲ ಗ್ರಹ 1995ರದು. ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಎಲೋಡಿ ಎಂಬ ರೋಹಿತಮಾಪಕವನ್ನು ಬಳಸಿ ಮಿಶೆಲ್ ಮೇಯರ್ ಮತ್ತು ದಿದಿಯೇ ಕೆಲೋ ಅವರು 51 ಪೆಗಾಸಿ ಎಂಬ ನಕ್ಷತ್ರವು ಸೆಕೆಂಡಿಗೆ 50 ಮೀಟರಿಗೂ ಮೀರಿ ಅಲುಗುತ್ತಿರುವುದನ್ನು ಕಂಡರು. ಆ ಅಲುಗಾಟದ ಅವಧಿ 4.2 ದಿನ! ಗುರುವಿನ ಅರ್ಧದಷ್ಟು ತೂಕದ ಗ್ರಹವೊಂದು ನಾಲ್ಕೇ ದಿನಕ್ಕೆ ಒಂದು ಸುತ್ತು ಮುಗಿಸುತ್ತದೆಂದರೆ ಅದು ನಮ್ಮ ಬುಧನಿಗಿಂತಲೂ ಎಷ್ಟೋ ಹತ್ತಿರದಲ್ಲಿರಬೇಕು. ಇಬ್ಬರಿಗೂ 2019ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಸಂದಿತು.

ಈ ನಕ್ಷತ್ರವನ್ನು ನೀವೂ ನೋಡಬಹುದು. ಪೂರ್ವಾಭಾದ್ರದ ಎರಡು ತಾರೆಗಳು ಪೆಗಾಸಸ್ ಪುಂಜದ ದೊಡ್ಡ ಚೌಕದ ಪಶ್ಚಿಮದ ಅಂಚನ್ನು ಮಾಡುತ್ತವೆ. ಅವೆರಡರ ನಡುವೆ, ಗೆರೆಯಿಂದ ತುಸು ಪಶ್ಚಿಮಕ್ಕೆ, ಬೀದಿದೀಪಗಳಿಲ್ಲದ ಹಳ್ಳಿಯ ಆಕಾಶದಲ್ಲಿ ಬರಿಗಣ್ಣಿಗೆ ಮಸುಕಾಗಿ ಕಾಣುವ ತಾರೆಯೇ 51 ಪೆಗಾಸಿ. ಅದರ ದೂರ ಸುಮಾರು 50 ಜ್ಯೋತಿರ್ವರ್ಷ.

1995ಕ್ಕೂ ಮೊದಲು ಯಾರೂ ಹುಡುಕಿರಲಿಲ್ಲವೇ?

ಬಹಳ ಜನ ಹುಡುಕಿದ್ದರು, ಕೆಲವರು ಸಿಕ್ಕಿತೆಂದೂ ಹೇಳಿದ್ದರು. ಆ ಹಳೆಯ ಘೋಷಣೆಗಳಲ್ಲಿ ಒಂದು ನಮ್ಮ ನೆಲದ್ದೇ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ವೀಕ್ಷಣಾಲಯದಲ್ಲಿದ್ದ ಕ್ಯಾಪ್ಟನ್ ಡಬ್ಲ್ಯೂ. ಎಸ್. ಜೇಕಬ್ ಅವರು 1855ರಲ್ಲಿ, 70 ಒಫಿಯುಚಿ ಎಂಬ ಜೋಡಿ ನಕ್ಷತ್ರದ ಚಲನೆ ಲೆಕ್ಕಕ್ಕೆ ಹೊಂದುತ್ತಿಲ್ಲವೆಂದೂ ಅಲ್ಲಿ ಕಾಣದ ಗ್ರಹವೊಂದು ಇರಬಹುದೆಂದೂ ಬರೆದರು. ಆ ಗ್ರಹ ಇಲ್ಲವೆಂದು ಮುಂದೆ ತಿಳಿಯಿತು. ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯು ಅದೇ ಮದ್ರಾಸ್ ವೀಕ್ಷಣಾಲಯದ ಪರಂಪರೆಯಲ್ಲಿ ಬಂದದ್ದು.

ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚು ಹೆಸರಾದದ್ದು ಬರ್ನಾರ್ಡ್ ನಕ್ಷತ್ರದ ಪ್ರಕರಣ. ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದ ಪೀಟರ್ ವಾನ್ ಡಿ ಕ್ಯಾಂಪ್ ಅವರು ದಶಕಗಳ ಕಾಲ ತೆಗೆದ ಛಾಯಾಫಲಕಗಳನ್ನು ಅಳೆದು, ಅದು ಗ್ರಹದ ಎಳೆತಕ್ಕೆ ಓಲಾಡುತ್ತಿದೆಯೆಂದು 1963ರಲ್ಲಿ ಪ್ರಕಟಿಸಿದರು. ಅದೇ ದೂರದರ್ಶಕದ ಫಲಕಗಳಲ್ಲಿ ಬೇರೆ ನಕ್ಷತ್ರಗಳೂ ಅದೇ ವರ್ಷಗಳಲ್ಲಿ ಅದೇ ಬಗೆಯಲ್ಲಿ ಓಲಾಡಿದಂತೆ ಕಂಡಾಗ, ಓಲಾಡಿದ್ದು ನಕ್ಷತ್ರವಲ್ಲ, ದೂರದರ್ಶಕದ ಮಸೂರಕ್ಕೆ ಮಾಡಿದ ದುರಸ್ತಿಗಳ ಪರಿಣಾಮ ಅದೆಂದು ಬಯಲಾಯಿತು. ಈ ಕಥೆಗೆ ಇನ್ನೊಂದು ಅಧ್ಯಾಯವಿದೆ: 2018ರಲ್ಲಿ ಇದೇ ನಕ್ಷತ್ರಕ್ಕೆ 233 ದಿನಕ್ಕೊಂದು ಸುತ್ತು ಮುಗಿಸುವ ಗ್ರಹವೊಂದನ್ನು ಘೋಷಿಸಿದರು, ಅದೂ ನಿಲ್ಲಲಿಲ್ಲ. 2024ರಲ್ಲಿ ಎಸ್ಪ್ರೆಸೊ ಎಂಬ ಉಪಕರಣದಿಂದ 3.15 ದಿನದ ಪುಟ್ಟ ಗ್ರಹ ಸಿಕ್ಕಿತು, 2025ರ ಹೊತ್ತಿಗೆ ಗ್ರಹಗಳು ನಾಲ್ಕಾದವು.

ಮೇಯರ್ ಮತ್ತು ಕೆಲೋ ಅವರಿಗಿಂತ ಮುಂಚೆ ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್, ಗಾರ್ಡನ್ ವಾಕರ್ ಮುಂತಾದವರೂ, ಅಮೆರಿಕದ ಜೆಫ್ ಮಾರ್ಸಿ, ಪಾಲ್ ಬಟ್ಲರ್ ಅವರೂ ನಿಖರವಾದ ಉಪಕರಣಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಅಳೆಯುತ್ತಿದ್ದರು. ನಮ್ಮ ಗುರುವಿಗೆ ಒಂದು ಸುತ್ತಿಗೆ ಸುಮಾರು 12 ವರ್ಷ ಬೇಕಾದ್ದರಿಂದ ಬೇರೆಡೆಯೂ ಹಾಗೆಯೇ ಇರಬೇಕೆಂದು ಎಲ್ಲರೂ ಎಣಿಸಿದ್ದರು. ನಾಲ್ಕು ದಿನದ ಲಯವನ್ನು ಹುಡುಕುವ ಯೋಚನೆ ಬರಲಿಲ್ಲ. ದೊಡ್ಡ ಗ್ರಹವು ನಕ್ಷತ್ರಕ್ಕೆ ತೀರಾ ಹತ್ತಿರವಿರಬಹುದು, ಹಾಗಿದ್ದರೆ ಅದನ್ನು ಕಂಡುಹಿಡಿಯಬಹುದು ಎಂದು ಒಟ್ಟೊ ಸ್ಟ್ರೂವ 1952ರಲ್ಲೇ ಬರೆದಿದ್ದರೂ ಆ ಮಾತನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಮಾರ್ಸಿ ಮತ್ತು ಬಟ್ಲರ್ 51 ಪೆಗಾಸಿಯ ಗ್ರಹವನ್ನು ಕೆಲವೇ ದಿನಗಳಲ್ಲಿ ತಾವೂ ಅಳೆದು ದೃಢಪಡಿಸಿದರು. ಆಮೇಲೆ ತಮ್ಮಲ್ಲೇ ಇದ್ದ ಹಳೆಯ ದತ್ತಾಂಶವನ್ನು ಬಿಡಿಸಿ ನೋಡಿದಾಗ ಇನ್ನೂ ಎರಡು ಗ್ರಹಗಳು ಅದರಲ್ಲಿ ಕಾದು ಕುಳಿತಿದ್ದವು.

ಸಂಕ್ರಮಣ ವಿಧಾನ ಎಂದರೇನು?

ಗ್ರಹವು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಕೊಂಚ ಕುಂದುತ್ತದೆ. ಅದನ್ನು ಅಳೆಯುವುದೇ ಸಂಕ್ರಮಣ ವಿಧಾನ. ಇಂದು ಗೊತ್ತಿರುವ ಬಾಹ್ಯಗ್ರಹಗಳಲ್ಲಿ ಹೆಚ್ಚಿನವು ಸಿಕ್ಕಿರುವುದು ಹೀಗೆಯೇ. 2004ರ ಜೂನ್ 8ರಂದು ಮತ್ತು 2012ರ ಜೂನ್ 6ರಂದು ಶುಕ್ರವು ಸೂರ್ಯಬಿಂಬದ ಮೇಲೆ ಕರಿಯ ಬೊಟ್ಟಿನಂತೆ ಸರಿದುಹೋದದ್ದನ್ನು ಕರ್ನಾಟಕದಲ್ಲಿ ಅನೇಕರು ನೋಡಿದ್ದಾರೆ, ಮುಂದಿನದು 2117ರಲ್ಲಿ. ಆ ಹೊತ್ತಿನಲ್ಲಿ ಸೂರ್ಯನ ಬೆಳಕು ಕುಂದಿದ್ದು ಸಾವಿರದಲ್ಲಿ ಒಂದು ಪಾಲಿಗಿಂತಲೂ ತುಸು ಕಡಿಮೆ. (ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿಯವರು 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ವಿವರಿಸಲು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪುಸ್ತಿಕೆ ಹೊರತಂದಿದ್ದರೆಂಬುದನ್ನು ಇಲ್ಲಿ ಗೌರವದಿಂದ ನೆನೆಯಬೇಕು.)

ದೂರದ ನಕ್ಷತ್ರಕ್ಕೆ ಇದೇ ಲೆಕ್ಕವನ್ನು ಅನ್ವಯಿಸೋಣ. ಗುರುವಿನ ವ್ಯಾಸ ಸೂರ್ಯನ ಹತ್ತರಲ್ಲಿ ಒಂದು ಪಾಲು, ಆದ್ದರಿಂದ ಅದು ಮರೆಮಾಡುವ ಬೆಳಕು ನೂರರಲ್ಲಿ ಒಂದು. ಭೂಮಿ ಮರೆಮಾಡುವುದು ಹತ್ತು ಲಕ್ಷದಲ್ಲಿ ಸುಮಾರು 84 ಪಾಲು, ಅದೂ ವರ್ಷಕ್ಕೊಮ್ಮೆ, ಹೆಚ್ಚೆಂದರೆ 13 ಗಂಟೆಗಳ ಕಾಲ. ಬೆಳಕು ಎಷ್ಟು ಕುಂದಿತು ಎಂಬುದರಿಂದ ಗ್ರಹದ ಗಾತ್ರವೂ, ಎಷ್ಟು ದಿನಕ್ಕೊಮ್ಮೆ ಕುಂದುತ್ತದೆ ಎಂಬುದರಿಂದ ಅದರ ವರ್ಷವೂ ತಿಳಿಯುತ್ತದೆ.

ಮೊದಲ ಬಾರಿ ಹೀಗೆ ಕಂಡದ್ದು 1999ರಲ್ಲಿ. ಎಚ್‌ಡಿ 209458 ಎಂಬ ನಕ್ಷತ್ರಕ್ಕೆ ಗ್ರಹವಿದೆಯೆಂದು ಅಲುಗಾಟದಿಂದ ಗೊತ್ತಾಗಿತ್ತು. ಅದು ಮುಂದೆ ಹಾಯುವ ಹೊತ್ತನ್ನು ಎಣಿಸಿ ಡೇವಿಡ್ ಶಾರ್ಬೊನೊ ಅವರ ತಂಡವು ಕೇವಲ 10 ಸೆಂಟಿಮೀಟರ್ ವ್ಯಾಸದ ದೂರದರ್ಶಕದಿಂದ ಬೆಳಕು ಸುಮಾರು ಶೇ. 1.5ರಷ್ಟು ಕುಂದುವುದನ್ನು ಅಳೆಯಿತು; ಗ್ರೆಗ್ ಹೆನ್ರಿ ಅವರೂ ಸ್ವತಂತ್ರವಾಗಿ ಅದನ್ನೇ ಕಂಡರು. ದ್ರವ್ಯರಾಶಿಯ ಜೊತೆಗೆ ಗಾತ್ರವೂ ತಿಳಿದದ್ದರಿಂದ ಮೊದಲ ಸಲ ಬಾಹ್ಯಗ್ರಹವೊಂದರ ಸಾಂದ್ರತೆಯನ್ನು ಲೆಕ್ಕಹಾಕಲು ಸಾಧ್ಯವಾಯಿತು. ಅದು ನೀರಿಗಿಂತ ಹಗುರ, ಗುರುವಿನಂತೆಯೇ ಅನಿಲದ ಗ್ರಹ. 51 ಪೆಗಾಸಿಯ ಗ್ರಹವೂ ಅಂಥದ್ದೇ ಇರಬೇಕೆಂಬ ನಂಬಿಕೆಗೆ ಇದರಿಂದ ಬಲ ಬಂತು.

ಕೆಪ್ಲರ್ ಮತ್ತು ಟೆಸ್ ನೌಕೆಗಳ ಕೆಲಸವೇನು?

ಸಂಕ್ರಮಣ ಕಾಣಬೇಕಾದರೆ ಗ್ರಹದ ಕಕ್ಷೆ ನಮ್ಮ ದೃಷ್ಟಿರೇಖೆಗೆ ಸರಿಯಾಗಿ ಒಡ್ಡಿಕೊಂಡಿರಬೇಕು. ಭೂಮಿಯಂಥ ಕಕ್ಷೆಗೆ ಆ ಸಾಧ್ಯತೆ ಇನ್ನೂರರಲ್ಲಿ ಒಂದು ಮಾತ್ರ. ಹೀಗಾಗಿ ಏಕಕಾಲಕ್ಕೆ ಅಸಂಖ್ಯ ನಕ್ಷತ್ರಗಳನ್ನು ಕಣ್ಣು ಮಿಟುಕಿಸದೆ ನೋಡಬೇಕು. 2009ರ ಮಾರ್ಚಿನಲ್ಲಿ ಹಾರಿದ ಕೆಪ್ಲರ್ ನೌಕೆಯು ರಾಜಹಂಸ ಪುಂಜದ ಕಡೆಯ ಒಂದೇ ಪ್ರದೇಶದಲ್ಲಿ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ನಾಲ್ಕು ವರ್ಷ ಗಮನಿಸಿತು. ನೌಕೆಯನ್ನು ಸ್ಥಿರವಾಗಿಡುವ ನಾಲ್ಕು ಚಕ್ರಗಳಲ್ಲಿ ಎರಡನೆಯದೂ 2013ರಲ್ಲಿ ಕೆಟ್ಟಾಗ, ಸೂರ್ಯನ ಬೆಳಕಿನ ಒತ್ತಡವನ್ನೇ ಆಸರೆಯಾಗಿ ಬಳಸಿಕೊಂಡು ಕೆ2 ಎಂಬ ಹೆಸರಿನಲ್ಲಿ 2018ರವರೆಗೆ ಅದನ್ನು ದುಡಿಸಿದರು. ನಮ್ಮ ಆಕಾಶಗಂಗೆಯಲ್ಲಿ ಸರಾಸರಿ ಒಂದು ನಕ್ಷತ್ರಕ್ಕೆ ಒಂದಕ್ಕಿಂತ ಹೆಚ್ಚು ಗ್ರಹಗಳಿವೆ ಎಂದು ಇಂದು ಧೈರ್ಯದಿಂದ ಹೇಳಲು ಮುಖ್ಯ ಆಧಾರ ಕೆಪ್ಲರ್‌ನ ದತ್ತಾಂಶವೇ. 2018ರ ಏಪ್ರಿಲ್‌ನಲ್ಲಿ ಹಾರಿದ ಟೆಸ್, ಆಕಾಶವನ್ನು ತುಂಡುತುಂಡಾಗಿ, ಒಂದೊಂದನ್ನು ಸುಮಾರು 27 ದಿನಗಳಂತೆ ನೋಡುತ್ತ ನಮಗೆ ಹತ್ತಿರದ, ಪ್ರಕಾಶಮಾನವಾದ ನಕ್ಷತ್ರಗಳ ಗ್ರಹಗಳನ್ನು ಹುಡುಕುತ್ತಿದೆ.

ಬೆಳಕು ಕುಂದಿದ ಮಾತ್ರಕ್ಕೆ ಗ್ರಹವೆಂದು ಹೇಗೆ ಒಪ್ಪುತ್ತಾರೆ?

ಒಪ್ಪುವುದಿಲ್ಲ. ಈ ಕ್ಷೇತ್ರದ ಜೀವಾಳವೇ ಈ ಪ್ರಶ್ನೆ. ಮೊದಲು ಸಿಗುವುದು ‘ಅಭ್ಯರ್ಥಿ’ ಮಾತ್ರ; ಅದು ಗ್ರಹವೆನಿಸಿಕೊಳ್ಳಲು ಹಲವು ಪರೀಕ್ಷೆಗಳನ್ನು ದಾಟಬೇಕು.

ದೊಡ್ಡ ಮೋಸ ನಡೆಯುವುದು ಜೋಡಿ ನಕ್ಷತ್ರಗಳಿಂದ. ಪರಸ್ಪರ ಸುತ್ತುತ್ತ ಒಂದನ್ನೊಂದು ಮರೆಮಾಡುವ ನಕ್ಷತ್ರಗಳು ಬೆಳಕನ್ನು ಅರ್ಧಕ್ಕೇ ಇಳಿಸಬಹುದು. ಅಂಥ ಜೋಡಿಯೊಂದು ಬಹುದೂರ ಹಿನ್ನೆಲೆಯಲ್ಲಿದ್ದು, ಅದರ ಮಸುಕು ಬೆಳಕು ಮುಂದಿನ ನಕ್ಷತ್ರದ ಬೆಳಕಿನೊಂದಿಗೆ ಬೆರೆತರೆ, ಆ ದೊಡ್ಡ ಇಳಿತವು ಗ್ರಹದ ಸಣ್ಣ ಇಳಿತದಂತೆ ತೋರುತ್ತದೆ. ಟೆಸ್ ಕ್ಯಾಮೆರಾದ ಒಂದೊಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ಅಗಲವನ್ನು ಆವರಿಸುವುದರಿಂದ ಹೀಗೆ ಬೆರೆಯುವುದು ಅಪರೂಪವೇನಲ್ಲ.

ಆದ್ದರಿಂದ ಬೆಳಕಿನ ರೇಖೆಯನ್ನು, ಅಂದರೆ ನಕ್ಷತ್ರದ ಬೆಳಕು ಸಮಯದೊಂದಿಗೆ ಏರಿಳಿಯುವುದನ್ನು ತೋರಿಸುವ ನಕ್ಷೆಯನ್ನು, ಹತ್ತಿರದಿಂದ ಪರಿಶೀಲಿಸುತ್ತಾರೆ. ಗ್ರಹವಾದರೆ ಬೆಳಕು ಬೇಗನೆ ಇಳಿದು, ತಳದಲ್ಲಿ ಸ್ವಲ್ಪ ಹೊತ್ತು ಹೆಚ್ಚುಕಡಿಮೆ ಸಮತಟ್ಟಾಗಿದ್ದು, ಮತ್ತೆ ಏರುತ್ತದೆ. ನಕ್ಷತ್ರವೊಂದು ಅಂಚಿನಲ್ಲಿ ಸವರಿಕೊಂಡು ಹೋದರೆ ರೇಖೆಯ ತಳ ಚೂಪಾಗುತ್ತದೆ. ಒಂದನೆಯ, ಮೂರನೆಯ, ಐದನೆಯ ಇಳಿತಗಳು ಒಂದು ಆಳ, ಎರಡನೆಯ, ನಾಲ್ಕನೆಯ ಇಳಿತಗಳು ಇನ್ನೊಂದು ಆಳ ಎಂದಾದರೆ, ಅಲ್ಲಿ ಎರಡು ನಕ್ಷತ್ರಗಳು ಸರದಿಯಂತೆ ಒಂದನ್ನೊಂದು ಮುಚ್ಚುತ್ತಿವೆ ಎಂದೇ ಅರ್ಥ. ಎರಡು ಇಳಿತಗಳ ನಡುವೆ ಇನ್ನೊಂದು ಗಣನೀಯವಾದ ಇಳಿತ ಕಂಡರೂ ಅನುಮಾನ ಬಲವಾಗುತ್ತದೆ. ಬೆಳಕು ಕುಂದುವ ಹೊತ್ತಿನಲ್ಲಿ ನಕ್ಷತ್ರಬಿಂಬದ ಕೇಂದ್ರ ಪಕ್ಕಕ್ಕೆ ಸರಿದಂತೆ ಕಂಡರೆ, ಕುಂದುತ್ತಿರುವುದು ನಾವು ನೋಡುತ್ತಿರುವ ನಕ್ಷತ್ರವಲ್ಲ, ಅದರ ನೆರೆಯದು. ಭೂಮಿಯ ಅಥವಾ ಚಂದ್ರನ ಬೆಳಕು ಕ್ಯಾಮೆರಾದೊಳಗೆ ಚೆಲ್ಲಿದ ದಿನಗಳ ಅಳತೆಗಳನ್ನು ಬದಿಗಿಡಬೇಕಾಗುತ್ತದೆ. ಆ ಬಳಿಕ ನೆಲದ ಮೇಲಿನ ದೊಡ್ಡ ದೂರದರ್ಶಕಗಳಿಂದ ಸ್ಫುಟವಾದ ಚಿತ್ರ ತೆಗೆದು ಪಕ್ಕದಲ್ಲಿ ಬೇರೆ ನಕ್ಷತ್ರ ಅಡಗಿದೆಯೇ ಎಂದು ನೋಡುತ್ತಾರೆ, ಕೊನೆಗೆ ಸಾಧ್ಯವಾದ ಕಡೆ ಅಲುಗಾಟದ ವಿಧಾನದಿಂದ ದ್ರವ್ಯರಾಶಿಯನ್ನು ಅಳೆಯುತ್ತಾರೆ. ಅಲುಗಾಟ ಅಳೆಯಲಾಗದಷ್ಟು ಮಸುಕಾದ ನಕ್ಷತ್ರಗಳಿಗೆ, ಉಳಿದ ಕಾರಣಗಳ ಸಾಧ್ಯತೆಗಳನ್ನೆಲ್ಲ ಸಂಖ್ಯಾಶಾಸ್ತ್ರದಿಂದ ತೂಗಿ ನೋಡುವ ಕ್ರಮವಿದೆ.

ನಕ್ಷತ್ರವೇ ಗ್ರಹದಂತೆ ನಟಿಸಬಲ್ಲದೇ?

ಖಂಡಿತ. ನಕ್ಷತ್ರದ ಮೈ ಕುದಿಯುತ್ತಿರುತ್ತದೆ, ಅದರ ಮೇಲೆ ಕಲೆಗಳೇಳುತ್ತವೆ, ನಕ್ಷತ್ರ ತಿರುಗಿದಂತೆ ಆ ಕಲೆಗಳೂ ತಿರುಗಿ ರೋಹಿತದ ಗೆರೆಗಳನ್ನು ಲಯಬದ್ಧವಾಗಿ ಸರಿಸುತ್ತವೆ. 2012ರಲ್ಲಿ ಆಲ್ಫಾ ಸೆಂಟಾರಿ ಬಿ ನಕ್ಷತ್ರಕ್ಕೆ 3.2 ದಿನದ ಗ್ರಹವಿದೆಯೆಂದು ದೊಡ್ಡ ಸುದ್ದಿಯಾಗಿತ್ತು. ನಕ್ಷತ್ರದ ಚಟುವಟಿಕೆಯನ್ನು ಕಳೆಯುವ ಲೆಕ್ಕಾಚಾರ ಹಾಗೂ ಅಳತೆ ತೆಗೆದ ದಿನಗಳ ಹಂಚಿಕೆ ಸೇರಿ ಆ ಲಯವನ್ನು ಹುಟ್ಟಿಸಿದ್ದವೆಂದು 2015ರಲ್ಲಿ ತೋರಿಸಲಾಯಿತು.

2016ರಲ್ಲಿ ಅದರ ನೆರೆಯ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಸುತ್ತ ಗ್ರಹವನ್ನು ಹುಡುಕಿದ ತಂಡವು ಆ ಪಾಠವನ್ನು ಮನಸ್ಸಿಟ್ಟು ಕಲಿತಿತ್ತು. ಗಿಯೆಮ್ ಅಂಗ್ಲಾದಾ ಎಸ್ಕುದೆ ಅವರ ನೇತೃತ್ವದಲ್ಲಿ ಹಾರ್ಪ್ಸ್‌ನಿಂದ ರಾತ್ರಿ ರಾತ್ರಿಯೂ ವೇಗವನ್ನು ಅಳೆಯುವಾಗಲೇ, ಬೇರೆ ದೂರದರ್ಶಕಗಳಿಂದ ಆ ನಕ್ಷತ್ರದ ಪ್ರಕಾಶವನ್ನೂ ದಾಖಲಿಸಿ, 11.2 ದಿನದ ಲಯಕ್ಕೆ ಕಲೆಗಳು ಕಾರಣವಲ್ಲವೆಂದು ಖಚಿತಪಡಿಸಿಕೊಂಡರು. ಆ ಗ್ರಹವು ನಕ್ಷತ್ರವನ್ನು ಅಲುಗಿಸುವುದು ಮನುಷ್ಯನ ನಡಿಗೆಯ ವೇಗದಲ್ಲಿ, ಸುಮಾರು ಗಂಟೆಗೆ 5 ಕಿಲೋಮೀಟರ್. ಅಲ್ಲಿಗೆ ದೂರ 4.24 ಜ್ಯೋತಿರ್ವರ್ಷ. ಪ್ರಾಕ್ಸಿಮಾ ಬರಿಗಣ್ಣಿಗೆ ಕಾಣದಿದ್ದರೂ ಮೇ, ಜೂನ್ ತಿಂಗಳ ರಾತ್ರಿ ಕರ್ನಾಟಕದ ದಕ್ಷಿಣ ದಿಗಂತದ ಮೇಲೆ ಹೊಳೆಯುವ ಆಲ್ಫಾ ಸೆಂಟಾರಿಯ ಸಮೀಪದಲ್ಲೇ ಅದು ಇದೆ.

ಬೇರೆ ವಿಧಾನಗಳಿಲ್ಲವೇ?

ಇವೆ. ಒಂದು ನಕ್ಷತ್ರವು ಇನ್ನೊಂದು ದೂರದ ನಕ್ಷತ್ರದ ಮುಂದೆ ಹಾಯುವಾಗ ಅದರ ಗುರುತ್ವವು ಮಸೂರದಂತೆ ಹಿಂದಿನದರ ಬೆಳಕನ್ನು ಹೆಚ್ಚಿಸುತ್ತದೆ. ಮುಂದಿನ ನಕ್ಷತ್ರಕ್ಕೆ ಗ್ರಹವಿದ್ದರೆ ಆ ಏರಿಕೆಯಲ್ಲಿ ಕೆಲ ಗಂಟೆಗಳ ಅಥವಾ ದಿನಗಳ ಸಣ್ಣ ಮೊನೆಯೊಂದು ಕಾಣಿಸಿಕೊಳ್ಳುತ್ತದೆ. ಇದು ಒಮ್ಮೆ ಮಾತ್ರ ನಡೆಯುವ ಘಟನೆ, ಮರುಪರೀಕ್ಷೆಗೆ ಅವಕಾಶವಿಲ್ಲ. ಆದರೂ ನಕ್ಷತ್ರದಿಂದ ದೂರದಲ್ಲಿರುವ ತಣ್ಣನೆಯ ಗ್ರಹಗಳನ್ನು ತೋರಿಸಿಕೊಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ.

ಆಕಾಶದಲ್ಲಿ ನಕ್ಷತ್ರದ ಸ್ಥಾನವೇ ಕದಲುವುದನ್ನು ಅಳೆಯುವುದು ಇನ್ನೊಂದು ವಿಧಾನ. ಜೇಕಬ್ ಮತ್ತು ವಾನ್ ಡಿ ಕ್ಯಾಂಪ್ ಸೋತ ದಾರಿ ಇದೇ. 2013ರಲ್ಲಿ ಹಾರಿ 2025ರಲ್ಲಿ ಕೆಲಸ ಮುಗಿಸಿದ ಯುರೋಪಿನ ಗಾಯಾ ನೌಕೆಯ ಅಳತೆಗಳಿಂದ ಅದೇ ದಾರಿ ಈಗ ಫಲ ಕೊಡತೊಡಗಿದೆ.

ಒಂದೇ ನಕ್ಷತ್ರಕ್ಕೆ ಹಲವು ಗ್ರಹಗಳಿದ್ದರೆ ಅವು ಒಂದನ್ನೊಂದು ಎಳೆಯುವುದರಿಂದ ಸಂಕ್ರಮಣಗಳು ಕೆಲವು ನಿಮಿಷ ಹಿಂದುಮುಂದಾಗುತ್ತವೆ. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್ 1 ಎಂಬ ಕೆಂಪು ಕುಬ್ಜದ (ಸೂರ್ಯನಿಗಿಂತ ಬಹಳ ಸಣ್ಣ, ಮಸುಕಾದ ನಕ್ಷತ್ರ) ಏಳು ಗ್ರಹಗಳ ದ್ರವ್ಯರಾಶಿ ತಿಳಿದದ್ದು ಈ ವ್ಯತ್ಯಾಸದಿಂದಲೇ.

ನೇರವಾಗಿ ಚಿತ್ರ ತೆಗೆದ ಗ್ರಹಗಳೂ ಇವೆಯಲ್ಲ?

ಇವೆ, ಮತ್ತು ಅವು ಆರಿಸಿದಂಥ ಸಂದರ್ಭಗಳು. ಹುಟ್ಟಿ ಹೆಚ್ಚು ಕಾಲವಾಗದ ದೈತ್ಯ ಗ್ರಹಗಳು ಹುಟ್ಟಿನ ಕಾವಿನಿಂದ ಇನ್ನೂ ಅವಕೆಂಪು ಕಿರಣಗಳಲ್ಲಿ ಹೊಳೆಯುತ್ತಿರುತ್ತವೆ. ಅವು ನಕ್ಷತ್ರದಿಂದ ಬಹುದೂರದಲ್ಲೂ ಇದ್ದರೆ, ನಕ್ಷತ್ರದ ಬೆಳಕನ್ನು ಪುಟ್ಟ ತಡೆಯಿಂದ ಮರೆಮಾಡಿ, ವಾತಾವರಣದ ಕದಲಿಕೆಯನ್ನು ಬಾಗುವ ಕನ್ನಡಿಯಿಂದ ಸರಿಪಡಿಸಿ ಚಿತ್ರ ತೆಗೆಯಬಹುದು. ಎಚ್‌ಆರ್ 8799 ನಕ್ಷತ್ರದ ಮೂರು ಗ್ರಹಗಳ ಚಿತ್ರ 2008ರಲ್ಲಿ ಪ್ರಕಟವಾಯಿತು, ನಾಲ್ಕನೆಯದು 2010ರಲ್ಲಿ. ವರ್ಷ ವರ್ಷವೂ ತೆಗೆದ ಚಿತ್ರಗಳಲ್ಲಿ ಆ ನಾಲ್ಕು ಚುಕ್ಕೆಗಳು ತಮ್ಮ ಕಕ್ಷೆಯಲ್ಲಿ ಸರಿಯುವುದನ್ನು ನೋಡುವುದೇ ಒಂದು ಸಂತೋಷ. ಈ ನಕ್ಷತ್ರವೂ, 51 ಪೆಗಾಸಿಯೂ, ಎಚ್‌ಡಿ 209458 ಕೂಡ ಒಂದೇ ಪೆಗಾಸಸ್ ಪುಂಜದಲ್ಲಿವೆ.

ಚಿತ್ರದಲ್ಲಿ ಕಂಡದ್ದೆಲ್ಲ ಗ್ರಹವೂ ಅಲ್ಲ. 2008ರಲ್ಲೇ ಹಬಲ್ ದೂರದರ್ಶಕದ ಚಿತ್ರಗಳಿಂದ ಘೋಷಿಸಿದ ಫೋಮಲ್‌ಹಾಟ್ ಬಿ, ವರ್ಷ ಕಳೆದಂತೆ ಹರಡಿಕೊಂಡು ಮಾಸಿಹೋಯಿತು. ಅದು ಡಿಕ್ಕಿಯಿಂದ ಎದ್ದ ಧೂಳಿನ ಮೋಡವಾಗಿತ್ತೆಂಬುದು ಈಗಿನ ವಿವರಣೆ. ಇನ್ನು ಸುದ್ದಿಗಳ ಜೊತೆ ಬರುವ ಕಡಲು, ಮೋಡ, ಬೆಟ್ಟಗಳ ಬಣ್ಣಬಣ್ಣದ ಚಿತ್ರಗಳೆಲ್ಲ ಕಲಾವಿದರ ಕಲ್ಪನೆ. ಅದನ್ನು ಚಿತ್ರದಡಿಯಲ್ಲೇ ಸ್ಪಷ್ಟವಾಗಿ ಬರೆಯುವುದು ಪತ್ರಿಕೆಗಳ ಕರ್ತವ್ಯವೆಂದು ನನ್ನ ಅಭಿಪ್ರಾಯ.

ಭಾರತದಿಂದ ಈ ಕೆಲಸ ನಡೆಯುತ್ತಿದೆಯೇ?

ನಡೆಯುತ್ತಿದೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯವು ಮೌಂಟ್ ಅಬುವಿನ ಗುರುಶಿಖರದಲ್ಲಿ 1.2 ಮೀಟರ್ ದೂರದರ್ಶಕಕ್ಕೆ ಪಾರಸ್ ಎಂಬ ರೋಹಿತಮಾಪಕವನ್ನು ಜೋಡಿಸಿ, ಕೆ2-236 ಬಿ ಎಂಬ ಗ್ರಹದ ದ್ರವ್ಯರಾಶಿಯನ್ನು 2018ರಲ್ಲಿ ಅಳೆಯಿತು. ಭೂಮಿಯ 27 ಪಟ್ಟು ತೂಕ, ಆರು ಪಟ್ಟು ವ್ಯಾಸ, 19.5 ದಿನದ ವರ್ಷ. ಈಗ ಅಲ್ಲಿ 2.5 ಮೀಟರ್ ದೂರದರ್ಶಕವೂ ಪಾರಸ್-2 ಉಪಕರಣವೂ ಕೆಲಸ ಮಾಡುತ್ತಿವೆ.

ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಟ್ರಾಪಿಸ್ಟ್ 1ರ ಮೊದಲ ಗ್ರಹಗಳನ್ನು 2016ರಲ್ಲಿ ಪ್ರಕಟಿಸಿದ ಅಂತಾರಾಷ್ಟ್ರೀಯ ತಂಡದ ವೀಕ್ಷಣೆಗಳಲ್ಲಿ ಈ ದೂರದರ್ಶಕದ ಪಾಲೂ ಇತ್ತು. ಹೊಸಕೋಟೆಯ ಹೆಸರು ಆ ಏಳು ಗ್ರಹಗಳ ಕಥೆಯೊಂದಿಗೆ ಸೇರಿರುವುದು ನಮ್ಮ ಶಾಲೆಗಳ ಮಕ್ಕಳಿಗೆ ಗೊತ್ತಾಗಬೇಕು.

ಗ್ರಹಗಳಿಗೆ ಹೆಸರಿಡುವ ಕ್ರಮವೇನು?

ನಕ್ಷತ್ರದ ಹೆಸರಿನ ಮುಂದೆ ಪತ್ತೆಯಾದ ಕ್ರಮದಲ್ಲಿ ಬಿ, ಸಿ, ಡಿ ಎಂದು ಸೇರಿಸುತ್ತಾರೆ. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು 2019ರಲ್ಲಿ ಪ್ರತಿ ದೇಶಕ್ಕೂ ಒಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಅವಕಾಶ ಕೊಟ್ಟಾಗ, ಎಚ್‌ಡಿ 86081 ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿನಲ್ಲಿ ‘ಬಿಭಾ’ ಎಂದೂ ಅದರ ಗ್ರಹಕ್ಕೆ ‘ಸಂತಮಸ’ ಎಂದೂ ಭಾರತದ ಹೆಸರುಗಳು ಬಂದವು.

ಭೂಮಿಯಂಥ ಗ್ರಹ ಸಿಕ್ಕಿದೆಯೇ? ಅಲ್ಲಿ ಜೀವವಿದೆಯೇ?

ಭೂಮಿಯಷ್ಟೇ ಗಾತ್ರದ, ನೀರು ದ್ರವವಾಗಿ ಉಳಿಯಬಹುದಾದಷ್ಟು ದೂರದಲ್ಲಿರುವ ಗ್ರಹಗಳು ಸಿಕ್ಕಿವೆ. ಟ್ರಾಪಿಸ್ಟ್ 1ರ ಕೆಲವು ಗ್ರಹಗಳು ಅಂಥವು. ಆದರೆ ಅವು ಸುತ್ತುವುದು ಕೆಂಪು ಕುಬ್ಜವನ್ನು. ಸೂರ್ಯನಂಥ ನಕ್ಷತ್ರ, ಒಂದು ವರ್ಷದ ಕಕ್ಷೆ, ಭೂಮಿಯ ಗಾತ್ರ ಈ ಮೂರೂ ಕೂಡಿದ ಗ್ರಹ ಸಂಶಯಕ್ಕೆ ಎಡೆಯಿಲ್ಲದಂತೆ ಇನ್ನೂ ಸಿಕ್ಕಿಲ್ಲ. 2015ರಲ್ಲಿ ಘೋಷಿಸಿದ 385 ದಿನದ ಕೆಪ್ಲರ್ 452 ಬಿ ಭೂಮಿಗಿಂತ ಸುಮಾರು 1.6 ಪಟ್ಟು ಅಗಲ; ಅದರ ಸಂಕ್ರಮಣಗಳು ಬೆರಳೆಣಿಕೆಯಷ್ಟೇ ದಾಖಲಾಗಿರುವುದರಿಂದ ಅದು ಉಪಕರಣದಲ್ಲೇ ಹುಟ್ಟಿದ ಸುಳ್ಳು ಏರಿಳಿತ ಇರಬಹುದೆಂಬ ಅನುಮಾನವನ್ನೂ ತಜ್ಞರು ಎತ್ತಿದ್ದಾರೆ.

ವಾತಾವರಣದ ಅಧ್ಯಯನ ಮುಂದುವರಿದಿದೆ. ಸಂಕ್ರಮಣದ ವೇಳೆ ನಕ್ಷತ್ರದ ಬೆಳಕಿನ ಒಂದು ತೆಳು ಪಾಲು ಗ್ರಹದ ವಾತಾವರಣದ ಮೂಲಕ ಸೋಸಿ ಬರುವುದರಿಂದ ಅಲ್ಲಿನ ಅನಿಲಗಳ ಗುರುತು ರೋಹಿತದಲ್ಲಿ ಉಳಿಯುತ್ತದೆ. ಎಚ್‌ಡಿ 209458ರ ಗ್ರಹದಲ್ಲಿ ಸೋಡಿಯಂ ಇರುವುದನ್ನು ಹಬಲ್ ಮೂಲಕವೂ, ವಾಸ್ಪ್ 39 ಬಿ ಗ್ರಹದಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದನ್ನು 2022ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಮೂಲಕವೂ ಕಂಡುಕೊಂಡರು. ಸುಮಾರು 124 ಜ್ಯೋತಿರ್ವರ್ಷ ದೂರದ ಕೆ2-18 ಬಿ ಗ್ರಹದಲ್ಲಿ ಮೀಥೇನ್ ಕಂಡಿದೆ. ಭೂಮಿಯಲ್ಲಿ ಕಡಲಿನ ಸೂಕ್ಷ್ಮಜೀವಿಗಳು ಉತ್ಪಾದಿಸುವ ಡೈಮೀಥೈಲ್ ಸಲ್ಫೈಡ್‌ನ ಸುಳಿವೂ ಅಲ್ಲಿ ಇದೆಯೆಂದು ಭಾರತ ಮೂಲದ ನಿಕ್ಕು ಮಧುಸೂದನ್ ಅವರ ಕೇಂಬ್ರಿಜ್ ತಂಡ 2025ರಲ್ಲಿ ಹೇಳಿತು, ಅದೇ ದತ್ತಾಂಶವನ್ನು ಪರಿಶೀಲಿಸಿದ ಬೇರೆ ತಂಡಗಳು ಆ ಸುಳಿವು ಸಾಲದೆಂದವು. ಜೀವವಿದೆ ಎನ್ನಲು ಇಂದಿನವರೆಗೆ ಎಲ್ಲಿಯೂ ಪುರಾವೆಯಿಲ್ಲ.

ಹವ್ಯಾಸಿಗಳು ಇದರಲ್ಲಿ ಪಾಲ್ಗೊಳ್ಳಬಹುದೇ?

ಪಾಲ್ಗೊಳ್ಳಬಹುದು, ಅದೂ ಎರಡು ಬಗೆಯಲ್ಲಿ. ದೂರದರ್ಶಕವಿಲ್ಲದವರು 2010ರಲ್ಲಿ ಆರಂಭವಾದ ಪ್ಲಾನೆಟ್ ಹಂಟರ್ಸ್ ಯೋಜನೆಯಲ್ಲಿ ನೌಕೆಗಳು ಕಳುಹಿಸಿದ ಬೆಳಕಿನ ರೇಖೆಗಳನ್ನು ಕಣ್ಣಾರೆ ಪರಿಶೀಲಿಸಬಹುದು. ನಾಲ್ಕು ನಕ್ಷತ್ರಗಳ ವ್ಯವಸ್ಥೆಯೊಂದರಲ್ಲಿರುವ ಗ್ರಹವನ್ನು 2012ರಲ್ಲಿ ಗುರುತಿಸಿದ್ದು ಅಲ್ಲಿನ ಸ್ವಯಂಸೇವಕರು.

ದೂರದರ್ಶಕವಿದ್ದವರು ಎಚ್‌ಡಿ 189733 ಬಿ ಗ್ರಹದಿಂದ ಆರಂಭಿಸುವುದು ಒಳ್ಳೆಯದು. ಅದು ಪ್ರತಿ 2.2 ದಿನಕ್ಕೊಮ್ಮೆ, ಎರಡು ಗಂಟೆಗೆ ತುಸು ಕಡಿಮೆ ಅವಧಿಯವರೆಗೆ, ನಕ್ಷತ್ರದ ಬೆಳಕನ್ನು ಶೇ. 2ಕ್ಕೂ ಹೆಚ್ಚು ಕುಂದಿಸುತ್ತದೆ. ಎಂಟು ಇಂಚಿನ ದೂರದರ್ಶಕ ಮತ್ತು ಸಾಧಾರಣ ಖಗೋಳ ಕ್ಯಾಮೆರಾ ಸಾಕು. ನಮ್ಮಲ್ಲಿ ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ಅಕ್ಟೋಬರ್ ಕೊನೆ ಮತ್ತು ನವೆಂಬರ್‌ನ ಸಂಜೆಗಳಲ್ಲಿ ಆ ನಕ್ಷತ್ರ ಪಶ್ಚಿಮದಲ್ಲಿ ಸಾಕಷ್ಟು ಎತ್ತರದಲ್ಲಿರುತ್ತದೆ. ಸಂಕ್ರಮಣಕ್ಕೆ ಒಂದು ಗಂಟೆ ಮೊದಲೇ ಚಿತ್ರ ತೆಗೆಯಲು ತೊಡಗಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಮುಂದುವರಿಸಬೇಕು. ಪಿಕ್ಸೆಲ್‌ಗಳು ತುಂಬಿ ಚೆಲ್ಲದಂತೆ ನಾಭಿಯನ್ನು ತುಸು ಮಸುಕಾಗಿಸಬೇಕು. ಅದೇ ಚೌಕಟ್ಟಿನಲ್ಲಿರುವ ಹೆಚ್ಚುಕಡಿಮೆ ಅದೇ ಪ್ರಕಾಶದ ನಕ್ಷತ್ರಗಳೊಂದಿಗೆ ಹೋಲಿಸಿ ಅಳೆದರೆ ತೆಳುಮೋಡದ ಪರಿಣಾಮ ಕಳೆದುಹೋಗುತ್ತದೆ. ಇಂಥ ಅಳತೆಗಳನ್ನು ನಾಸಾದ ಎಕ್ಸೋಪ್ಲಾನೆಟ್ ವಾಚ್ ಯೋಜನೆ ಸ್ವೀಕರಿಸುತ್ತದೆ. ಗ್ರಹದ ಅವಧಿಯಲ್ಲಿ ಉಳಿದಿರುವ ಸೂಕ್ಷ್ಮ ತಪ್ಪು ಸುತ್ತಿನಿಂದ ಸುತ್ತಿಗೆ ಕೂಡುತ್ತ ಹೋಗಿ, ಕೆಲವು ವರ್ಷಗಳಲ್ಲಿ ಸಂಕ್ರಮಣದ ಸಮಯವೇ ಅನಿಶ್ಚಿತವಾಗುತ್ತದೆ; ಜೇಮ್ಸ್ ವೆಬ್‌ನಂಥ ದೂರದರ್ಶಕದ ಅಮೂಲ್ಯ ಗಂಟೆಗಳನ್ನು ಯಾವಾಗ ಮೀಸಲಿಡಬೇಕೆಂದು ತಿಳಿಯಲು, ಮನೆಯ ತಾರಸಿಯಿಂದ ತೆಗೆದ ಅಳತೆಯೂ ಅಲ್ಲಿ ಉಪಯೋಗಕ್ಕೆ ಬರುತ್ತದೆ.